ನೀರು ಸೋಸುವ ಬಟ್ಟೆಯಿಂದ ಮುಖವಸ್ತ್ರದವರೆಗೆ

ಹುಬ್ಬಳ್ಳಿಯ ಕೇಶ್ವಾಪುರದ ವಸ್ತ್ರದ ಅಂಗಡಿಗಳಲ್ಲಿ 2020ರ ನಂತರ ಒಂದು ಹೊಸ ಮಾತು ರೂಢಿಗೆ ಬಂದಿದೆ. ‘ಸೂಕ್ಷ್ಮಾಣು ನಿರೋಧಕ’ ಎಂಬ ಮುದ್ರೆ ಟವೆಲಿನ ಮೇಲೆ, ಹಾಸಿಗೆಯ ಹೊದಿಕೆಯ ಮೇಲೆ, ಮಕ್ಕಳ ಅಂಗಿಯ ಮೇಲೆ ಕಾಣುತ್ತದೆ. ಅದರ ಬೆನ್ನಿಗೆ ‘ಮಣ್ಣಿನಲ್ಲಿ ಕರಗುವಂಥದು’ ಎಂಬ ಇನ್ನೊಂದು ಮಾತೂ ಬಂದಿದೆ. ಎರಡೂ ಕೇಳಲು ಹಿತವಾದವು. ಬಸದಿಯ ಟ್ರಸ್ಟಿನವರು ಪೂಜಾವಸ್ತ್ರ, ಅಡುಗೆಯವರ ಅಂಗವಸ್ತ್ರ, ಅತಿಥಿಗೃಹದ ಹಾಸಿಗೆಗಳನ್ನು ಕೊಳ್ಳುವಾಗ ಈ ಮಾತುಗಳಿಗೆ ಮನಸೋಲುವುದು ಸಹಜ. ಆದರೆ ಜೀವಿಗಳನ್ನು ಕೊಲ್ಲುವುದೇ ತನ್ನ ಗುಣವೆಂದು ಹೇಳಿಕೊಳ್ಳುವ ಬಟ್ಟೆಯನ್ನು ಅಹಿಂಸಾವ್ರತಿಯಾದ ಶ್ರಾವಕನು ಹೇಗೆ ನೋಡಬೇಕು? ಕಣ್ಣಿಗೆ ಕಾಣದ ಜೀವಿಗೂ ಬಟ್ಟೆಗೂ ಇರುವ ಸಂಬಂಧವನ್ನು ಜೈನರಷ್ಟು ದೀರ್ಘಕಾಲ ಚಿಂತಿಸಿದ ಸಮಾಜ ಬೇರೊಂದಿರಲಾರದು. ಆದ್ದರಿಂದ ಈ ಪ್ರಶ್ನೆಯನ್ನು ಇತಿಹಾಸದ ದಾರಿಯಿಂದಲೇ ಪರಿಶೀಲಿಸುವುದು ಉಚಿತ.

ದಿಗಂಬರ ಮುನಿಯ ಕೈಯಲ್ಲಿರುವ ಪಿಂಛಿಯಿಂದ ಆರಂಭಿಸಬಹುದು. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪಿಂಛಿಗೆ ಇರಬೇಕಾದ ಐದು ಗುಣಗಳನ್ನು ಎಣಿಸಲಾಗಿದೆ: ಅದು ಧೂಳನ್ನು ಹಿಡಿಯಬಾರದು, ಬೆವರನ್ನು ಹೀರಬಾರದು, ಮೃದುವಾಗಿರಬೇಕು, ಸುಕುಮಾರವಾಗಿರಬೇಕು, ಹಗುರವಾಗಿರಬೇಕು. ಈ ಐದನ್ನೂ ಓದಿದಾಗ, ಇಂದು ರಕ್ಷಣಾವಸ್ತ್ರವನ್ನು ಕೊಳ್ಳುವ ಆಸ್ಪತ್ರೆಯೊಂದು ತನ್ನ ಟೆಂಡರಿನಲ್ಲಿ ಬರೆಯುವ ಷರತ್ತುಗಳೇ ನೆನಪಾಗುತ್ತವೆ. ನವಿಲು ಪ್ರತಿವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ತಾನಾಗಿಯೇ ಗರಿಯನ್ನು ಉದುರಿಸುತ್ತದೆ, ಹಕ್ಕಿಗೆ ನೋವಿಲ್ಲ. ಹುಬ್ಬಳ್ಳಿಯಿಂದ ದೂರವಲ್ಲದ ಬಂಕಾಪುರದ ಕೋಟೆಯಲ್ಲಿ ಇಂದು ನವಿಲುಧಾಮವಿರುವುದನ್ನೂ, ಅದೇ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗ ಮಾರಸಿಂಹನು ಸಲ್ಲೇಖನವನ್ನು ಸ್ವೀಕರಿಸಿದುದನ್ನೂ ಪ್ರಸಂಗವಶಾತ್ ನೆನೆಯಬಹುದು. ಗರಿಯು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು, ಆದ್ದರಿಂದ ಬೇಗ ಕೊಳೆಯದು, ಆದರೆ ಕಾಲಾಂತರದಲ್ಲಿ ಮಣ್ಣಿಗೆ ಸೇರಿ ಮಣ್ಣಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಪಿಂಛಿಯು ಯಾವ ಜೀವಿಯನ್ನೂ ಕೊಲ್ಲುವುದಿಲ್ಲ. ಜೀವಿಗಳು ತನ್ನಲ್ಲಿ ನೆಲೆಸಿ ಬೆಳೆಯುವುದಕ್ಕೆ ಬೇಕಾದ ತೇವ ಮತ್ತು ಕೊಳೆಯನ್ನು ಅದು ಒದಗಿಸುವುದಿಲ್ಲ, ಅಷ್ಟೇ. ‘ನಿರೋಧ’ ಎಂಬ ಶಬ್ದಕ್ಕೆ ನಮ್ಮ ಪ್ರಾಚೀನರು ಕೊಟ್ಟ ಅರ್ಥ ಇದು.

ಗೃಹಸ್ಥನ ಪಾಲಿಗೆ ಈ ವಿಚಾರವು ನೀರು ಸೋಸುವ ಬಟ್ಟೆಯಲ್ಲಿ ಮೈದಾಳಿತು. ಮೂವತ್ತಾರು ಅಂಗುಲ ಉದ್ದ, ಇಪ್ಪತ್ನಾಲ್ಕು ಅಂಗುಲ ಅಗಲದ, ಎರಡು ಪದರವಾಗಿ ಮಡಿಸಿದ, ಒತ್ತಾದ ನೇಯ್ಗೆಯ ಬಟ್ಟೆ ಎಂಬುದು ಪರಂಪರೆಯಿಂದ ಬಂದ ಅಳತೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದುದನ್ನು ‘ಜೀವಾಣಿ’ ಎಂದು ಕರೆದು, ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ನೀರನ್ನು ತಂದ ಬಾವಿಗೇ ಅದನ್ನು ಹಿಂದಿರುಗಿಸಬೇಕು. ಬೇರೆ ಬಾವಿಗೆ ಹಾಕಿದರೆ ಆ ಜೀವಿಗಳಿಗೆ ಬಾಧೆ. ಇಡೀ ವಿಧಾನದ ಸೊಗಸು ಈ ಕಡೆಯ ನಿಯಮದಲ್ಲಿದೆ. ನೀರಿನ ಶೋಧನೆಯ ಉದ್ದೇಶ ಕುಡಿಯುವವನ ಆರೋಗ್ಯ ಮಾತ್ರವೇ ಆಗಿದ್ದರೆ ಜೀವಾಣಿಯನ್ನು ಅಂಗಳಕ್ಕೆ ಚೆಲ್ಲಬಹುದಾಗಿತ್ತು. ಆದರೆ ಇಲ್ಲಿ ರಕ್ಷಣೆ ಎರಡೂ ಕಡೆಗೆ.

ಸೋಸಿದ ನೀರಿಗೂ ಕಾಲಮಿತಿಯಿದೆ. ಬರಿದೇ ಸೋಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷ ಮಾತ್ರ ಯೋಗ್ಯ. ಲವಂಗ ಅಥವಾ ಅಳಲೆಕಾಯಿಯ ಪುಡಿಯನ್ನು ಬಣ್ಣ-ರುಚಿ ಬದಲಾಗುವಷ್ಟು ಬೆರೆಸಿದರೆ ಎರಡು ಪ್ರಹರ, ಅಂದರೆ ಆರು ಗಂಟೆ. ಚೆನ್ನಾಗಿ ಕುದಿಸಿದರೆ ಇಪ್ಪತ್ನಾಲ್ಕು ಗಂಟೆ. ಸೋಸುವುದರಿಂದ ತ್ರಸಜೀವಿಗಳು ಮಾತ್ರ ಬೇರ್ಪಡುತ್ತವೆ, ಜಲಕಾಯಿಕ ಸ್ಥಾವರ ಜೀವಿಗಳಲ್ಲ ಎಂಬುದನ್ನು ಶಾಸ್ತ್ರವೇ ಒಪ್ಪುತ್ತದೆ. ಬಟ್ಟೆಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬ ಈ ವಿವೇಕವನ್ನು ನಾವು ಕೆಲವೊಮ್ಮೆ ಮರೆಯುತ್ತೇವೆ. ಒಂದು ಹನಿ ನೀರಿನಲ್ಲಿ 36,450 ಜೀವಿಗಳಿವೆಯೆಂದು ಪಾಶ್ಚಾತ್ಯನೊಬ್ಬ ಕಂಡುಹಿಡಿದನೆಂಬ ಮಾತು ನಮ್ಮ ಎಷ್ಟೋ ಕಿರುಹೊತ್ತಗೆಗಳಲ್ಲಿ ಅಚ್ಚಾಗಿದೆ. ಹನಿ ಹನಿಗೂ, ಕೆರೆ ಕೆರೆಗೂ ಆ ಸಂಖ್ಯೆ ಬೇರೆ ಬೇರೆ. ಅಂಥ ಒಂದು ಅಂಕಿಯ ಊರುಗೋಲು ಜಿನವಾಣಿಗೆ ಬೇಕಿಲ್ಲ. 1670ರ ದಶಕದಲ್ಲಿ ಹಾಲೆಂಡಿನ ಲೀವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಿಂದ ನೀರಿನ ಸೂಕ್ಷ್ಮಜೀವಿಗಳನ್ನು ಕಂಡನೆಂಬುದು ಮಾತ್ರ ದಾಖಲೆಯಲ್ಲಿರುವ ಸಂಗತಿ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ದೊರೆತದ್ದು ಬಾಂಗ್ಲಾದೇಶದ ಹಳ್ಳಿಗಳಿಂದ. ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ನಡುವೆ ನಡೆಸಿದ ಅಧ್ಯಯನದ ಫಲವನ್ನು 2003ರಲ್ಲಿ ಪ್ರಕಟಿಸಿದರು. ಹಳೆಯ ಹತ್ತಿ ಸೀರೆಯನ್ನು ಹಲವು ಪದರವಾಗಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ತುಂಬಿದ ಮನೆಗಳಲ್ಲಿ ಕಾಲರಾ ಸುಮಾರು ಶೇಕಡಾ 48ರಷ್ಟು ಕಡಿಮೆಯಾಯಿತು. ಕಾಲರಾದ ಅಣು ಬಟ್ಟೆಯ ರಂಧ್ರಕ್ಕಿಂತ ಬಹಳ ಚಿಕ್ಕದು. ಅದು ಒಂಟಿಯಾಗಿ ತೇಲುತ್ತಿದ್ದರೆ ನುಸುಳಿಹೋಗುತ್ತದೆ. ಆದರೆ ಅದು ಹೆಚ್ಚಾಗಿ ನೀರಿನ ಸಣ್ಣ ತ್ರಸಜೀವಿಗಳ ಮೈಗೆ ಅಂಟಿಕೊಂಡಿರುತ್ತದೆ. ಆ ಜೀವಿಗಳನ್ನು ಬಟ್ಟೆ ತಡೆದರೆ ರೋಗಾಣುವಿನ ಬಹುಭಾಗವೂ ನಿಂತಿತು. ಹಲವು ಬಾರಿ ಒಗೆದ ಹಳೆಯ ಸೀರೆಯ ಎಳೆಗಳು ಸಡಿಲವಾಗಿ ಉಬ್ಬಿ ರಂಧ್ರಗಳು ಕಿರಿದಾಗುವುದರಿಂದ ಹೊಸದಕ್ಕಿಂತ ಹಳೆಯದೇ ಮೇಲೆಂದು ಅವರು ಕಂಡರು. ಕೊಲ್ಲುವ ಯಾವ ದ್ರವ್ಯವೂ ಅಲ್ಲಿರಲಿಲ್ಲ. ಬಳಸಿದ ಬಟ್ಟೆಯನ್ನು ತೊಳೆದು ಬಿಸಿಲಿಗೆ ಒಣಗಿಸುವುದಷ್ಟೇ ಆಗ ಹೇಳಿದ ನಿಯಮ. ನಮ್ಮ ಅಜ್ಜಿಯಂದಿರು ಇದನ್ನು ಓದಿದ್ದರೆ ಇದರಲ್ಲಿ ಹೊಸತೇನಿದೆಯೆಂದು ಕೇಳುತ್ತಿದ್ದರು.

ಮುಖವಸ್ತ್ರಿಕೆಯ ಕಥೆ ಇನ್ನಷ್ಟು ಸೂಕ್ಷ್ಮವಾದುದು. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದಲ್ಲಿ ಸಾಧುವು ಪ್ರತಿಲೇಖನ ಮಾಡಬೇಕಾದ ಉಪಕರಣಗಳ ನಡುವೆ ಮುಖವಸ್ತ್ರಿಕೆ ಬರುತ್ತದೆ. ಮೂರ್ತಿಪೂಜಕ ಪರಂಪರೆಯಲ್ಲಿ ಅದನ್ನು ಮಾತನಾಡುವಾಗ ಬಾಯಿಯ ಮುಂದೆ ಕೈಯಲ್ಲಿ ಹಿಡಿಯುತ್ತಾರೆ. ಸ್ಥಾನಕವಾಸಿ ಮತ್ತು ತೇರಾಪಂಥೀ ಸಾಧು-ಸಾಧ್ವಿಯರು ದಾರದಿಂದ ಕಟ್ಟಿಕೊಳ್ಳುತ್ತಾರೆ. ಕೇಶ್ವಾಪುರದಲ್ಲಿ ಚಾತುರ್ಮಾಸದ ಪ್ರವಚನಗಳಿಗೆ ಹೋಗುವ ಕುಟುಂಬಗಳಿಗೆ ಎರಡೂ ಪರಿಚಿತ. ಈ ಎರಡು ಪದ್ಧತಿಗಳ ನಡುವೆ ನಡೆದ ವಾದದಲ್ಲಿ ಒಂದು ಅಂಶ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಸದಾ ಕಟ್ಟಿದ ಬಟ್ಟೆ ಉಗುಳಿನಿಂದ ತೇವವಾದರೆ ಅದರಲ್ಲಿಯೇ ಸಮ್ಮೂರ್ಛನ ಜೀವಿಗಳು ಹುಟ್ಟಲಾರವೆ ಎಂಬ ಪ್ರಶ್ನೆ. ಯಾರ ಪಕ್ಷ ಸರಿಯೆಂಬುದು ಇಲ್ಲಿ ಪ್ರಸ್ತುತವಲ್ಲ. ಜೀವರಕ್ಷಣೆಗಾಗಿ ಧರಿಸಿದ ವಸ್ತ್ರವೇ, ತೇವವಾಗಿ ಉಳಿದರೆ, ಜೀವೋತ್ಪತ್ತಿಯ ಸ್ಥಾನವಾಗಬಲ್ಲದು ಎಂಬ ಎಚ್ಚರ ಶತಮಾನಗಳ ಹಿಂದೆಯೇ ಇತ್ತೆಂಬುದು ಮುಖ್ಯ. 2020ರಲ್ಲಿ ಒಂದೇ ಮಾಸ್ಕನ್ನು ವಾರಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗಿದವರಿಗೆ ಈ ಎಚ್ಚರವಿರಲಿಲ್ಲ.

ಪಶ್ಚಿಮದಲ್ಲಿಯೂ ಮುಖವಸ್ತ್ರ ಮೊದಲು ಬಂದದ್ದು ಧರಿಸಿದವನ ರಕ್ಷಣೆಗಾಗಿ ಅಲ್ಲ. 1897ರಲ್ಲಿ ಬ್ರೆಸ್ಲಾವಿನಲ್ಲಿ ಕಾರ್ಲ್ ಫ್ಲ್ಯೂಗೆ ಮಾತನಾಡುವವನ ಬಾಯಿಯಿಂದ ಚಿಮ್ಮುವ ಹನಿಗಳಲ್ಲಿ ರೋಗಾಣುಗಳಿರುವುದನ್ನು ತೋರಿಸಿದ. ಅದೇ ಊರಿನ ಶಸ್ತ್ರವೈದ್ಯ ಮಿಕುಲಿಚ್ ಆ ವರ್ಷವೇ ಬಾಯಿಗೆ ಜಾಳಿಬಟ್ಟೆಯನ್ನು ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡತೊಡಗಿದ. ಎದುರಿಗಿರುವ ಜೀವಿಗೆ ತನ್ನ ಉಸಿರಿನಿಂದ ಬಾಧೆಯಾಗದಿರಲಿ ಎಂಬುದೇ ಅವನ ಉದ್ದೇಶ. ಮುನಿಯ ಉದ್ದೇಶವೂ ಅದೇ. ಧರಿಸಿದವನನ್ನು ಕಾಪಾಡುವ ಮುಖವಸ್ತ್ರವು ವ್ಯಾಪಕವಾದದ್ದು 1910-11ರ ಮಂಚೂರಿಯಾದ ಶ್ವಾಸಕೋಶದ ಪ್ಲೇಗಿನಲ್ಲಿ. ಸುಮಾರು 60,000 ಜನರನ್ನು ಬಲಿತೆಗೆದುಕೊಂಡ ಆ ಮಾರಿಯ ಎದುರು ಪೆನಾಂಗಿನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್-ತೆ ಜಾಳಿಬಟ್ಟೆಯ ನಡುವೆ ಹತ್ತಿಯನ್ನಿಟ್ಟು ಮಾಡಿದ ಪಟ್ಟಿಯನ್ನು ಎಲ್ಲರಿಗೂ ಕಟ್ಟಿಸಿದ. ಬಳಸಿ ಮುಗಿದ ಮೇಲೆ ಅದು ಮಣ್ಣಾಗುವ ವಸ್ತುವೇ ಆಗಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯೇ ಪ್ಲೇಗಿನ ರುಚಿಯನ್ನು ಕಂಡಾಗಿತ್ತು. 1898ರಲ್ಲಿ ರೋಗ ಊರನ್ನು ಹೊಕ್ಕಿತು. ಜನ ಮನೆ ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲುಗಳಲ್ಲಿ ನೆಲೆಸಿದರು. ಮುಂಬಯಿಯಲ್ಲಿ ಹಾಫ್ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನರಿಗೆ ಚುಚ್ಚಲಾಯಿತು. ಮುಂಬಯಿ ಪ್ರಾಂತದ ಪ್ಲೇಗ್ ಅಧಿಕಾರಿಗಳು ಆ ಕಾಲದಲ್ಲಿ ಮನೆ ಮತ್ತು ಬಟ್ಟೆಬರೆಗಳ ಶುದ್ಧಿಗೆ ಬಳಸುತ್ತಿದ್ದ ಮುಖ್ಯ ದ್ರವ್ಯ ಪಾದರಸದ ಪರ್‌ಕ್ಲೋರೈಡ್. ಅದು ತೀವ್ರ ವಿಷ. ನಂಬಿಕೆಗೆ ಬಾರದ ಬಟ್ಟೆಯನ್ನು ಸುಟ್ಟುಬಿಡುತ್ತಿದ್ದರು. ಇದಕ್ಕೆ ಮೂರು ದಶಕಗಳ ಹಿಂದೆ, 1867ರಲ್ಲಿ, ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಪಟ್ಟಿಯಿಂದ ಗಾಯಗಳನ್ನು ಕಾಪಾಡುವ ಕ್ರಮವನ್ನು ಪ್ರಕಟಿಸಿದ್ದ. ರೋಗಾಣುವನ್ನು ತಡೆಯುವುದಲ್ಲ, ಬಟ್ಟೆಯಲ್ಲಿಯೇ ವಿಷವನ್ನಿಟ್ಟು ಕೊಲ್ಲುವುದು ಎಂಬ ವಿಚಾರದ ಆರಂಭ ಅಲ್ಲಿದೆ. ಆಗಿನ ಮರಣಗಳನ್ನು ನೆನೆದರೆ ಲಿಸ್ಟರನನ್ನಾಗಲಿ ಪ್ಲೇಗ್ ವೈದ್ಯರನ್ನಾಗಲಿ ದೂಷಿಸುವುದು ನ್ಯಾಯವಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದ ನಮ್ಮ ಆಚಾರ್ಯರು ಅನಿವಾರ್ಯವಾದ ರಕ್ಷಣೆಯನ್ನು ಸಂಕಲ್ಪಿ ಹಿಂಸೆಯೊಡನೆ ಬೆರೆಸಲಿಲ್ಲ.

ಆದರೆ ಆಪತ್ಕಾಲದ ಉಪಾಯವು ಅಂಗಡಿಯ ನಿತ್ಯದ ಸರಕಾದಾಗ ಲೆಕ್ಕ ಬೇರೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟ್ರೈಕ್ಲೋಸಾನ್ ಎಂಬ ರಾಸಾಯನಿಕ ಸಾಬೂನಿನಿಂದ ಕಾಲುಚೀಲದವರೆಗೆ ಎಲ್ಲದರಲ್ಲಿಯೂ ಸೇರಿತು. ಅದು ಸಾಮಾನ್ಯ ಸಾಬೂನಿಗಿಂತ ಹೆಚ್ಚು ಹಿತವೆಂಬುದಕ್ಕೆ ಆಧಾರವಿಲ್ಲವೆಂದು 2016ರಲ್ಲಿ ಅಮೆರಿಕವು ಕೈತೊಳೆಯುವ ಸಾಬೂನುಗಳಿಂದ ಅದನ್ನು ತೆಗೆಸಿತು. ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಲೇಪಿಸಿದ ಬಟ್ಟೆಯದೂ ಇಂಥದೇ ಸ್ಥಿತಿ. ಅಂಥ ಕಾಲುಚೀಲಗಳನ್ನು ನೀರಿನಲ್ಲಿ ಒಗೆದಾಗ ಬೆಳ್ಳಿ ಬಿಟ್ಟುಬರುವುದನ್ನು 2008ರಲ್ಲಿ ಅಮೆರಿಕದ ಅರಿಜೋನಾದ ಸಂಶೋಧಕರು ತೋರಿಸಿದರು. ಕೆಲವು ಚೀಲಗಳು ನಾಲ್ಕಾರು ಒಗೆತಕ್ಕೆ ಬಹುತೇಕ ಎಲ್ಲವನ್ನೂ ಕಳೆದುಕೊಂಡವು. ಆ ಬೆಳ್ಳಿ ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತದೆ. ಜೀವಾಣಿಯನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಿದ ಮನೆತನದವರು ತಮ್ಮ ಒಗೆದ ನೀರಿನಿಂದ ಕೆರೆಯ ಜೀವಿಗಳಿಗೆ ವಿಷ ಕಳುಹಿಸುವುದು ವಿಪರ್ಯಾಸವಲ್ಲದೆ ಮತ್ತೇನು? ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಆಶಾಧರ ಪಂಡಿತರ ಸಾಗಾರಧರ್ಮಾಮೃತವೂ ಶ್ರಾವಕನು ಬಿಡಬೇಕಾದ ಹದಿನೈದು ಕಠೋರ ವ್ಯವಹಾರಗಳಲ್ಲಿ ವಿಷವಾಣಿಜ್ಯವನ್ನು ಹೇಳುತ್ತವೆ. ಇಂಥ ಬಟ್ಟೆಯ ಒಂದು ಥಾನನ್ನು ಮಾರಿದ ಮಾತ್ರಕ್ಕೆ ವ್ಯಾಪಾರಿ ವಿಷವಾಣಿಜ್ಯ ಮಾಡಿದನೆನ್ನುವುದು ಅತಿಯಾದೀತು. ಆದರೂ ಮಾರುವ ಮುನ್ನ ಅದರಲ್ಲಿ ಏನಿದೆಯೆಂದು ಕೇಳುವುದು ಅವನ ವ್ರತದ ಒಂದು ಭಾಗವೇ.

ಇನ್ನು ಅಳಲೆಕಾಯಿ. ಅಡುಗೆಮನೆಯಲ್ಲಿ ನೀರನ್ನು ಆರು ಗಂಟೆ ಕಾಯುವ ಇದೇ ಕಾಯಿ ಬಣ್ಣಗಾರನ ಬಾನಿಯಲ್ಲಿಯೂ ಇತ್ತು ಎಂಬುದನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಹತ್ತಿಯ ಎಳೆ ಸಸ್ಯವರ್ಣವನ್ನು ತಾನಾಗಿ ಹಿಡಿಯದು. ಆದ್ದರಿಂದ ಗಂಜಿ ಮತ್ತು ಜಿಡ್ಡನ್ನು ತೆಗೆದ ಬಟ್ಟೆಯನ್ನು ಮೊದಲು ಅಳಲೆಯ ಕಷಾಯದಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಅನಂತರ ಪಟಿಕದ ನೀರಿನಲ್ಲಿ ಅದ್ದಿ, ಆಮೇಲೆ ಬಣ್ಣಕ್ಕೆ ಇಳಿಸುತ್ತಿದ್ದರು. ಅಳಲೆಯ ಒಗರು ಅದರಲ್ಲಿರುವ ಟ್ಯಾನಿನ್‌ನದು. ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಸೂಕ್ಷ್ಮಾಣುಗಳು ಬೆಳೆಯಲು ಬೇಕಾದ ಕಬ್ಬಿಣದ ಅಂಶವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಆ ಬಟ್ಟೆಯಲ್ಲಿ ಅವುಗಳ ವೃದ್ಧಿ ಕುಂಠಿತವಾಗುತ್ತದೆ. ದಾಳಿಂಬೆಯ ಸಿಪ್ಪೆಗೂ ಈ ಗುಣವುಂಟು. ಇತ್ತೀಚಿನ ದಶಕಗಳಲ್ಲಿ ವಸ್ತ್ರವಿಜ್ಞಾನಿಗಳು ಅಳಲೆ, ದಾಳಿಂಬೆ, ಬೇವು, ಅರಿಸಿನಗಳನ್ನು ಮತ್ತೆ ಪರೀಕ್ಷಿಸಿ ಹತ್ತಿಬಟ್ಟೆಗೆ ಲೇಪಿಸುತ್ತಿರುವುದಕ್ಕೆ ಕಾರಣ ಇದೇ. ಉತ್ತರ ಕನ್ನಡದ ಕಾಡಿನ ಅಳಲೆ ಬ್ರಿಟಿಷರ ಕಾಲದಲ್ಲಿ ಚರ್ಮ ಹದಮಾಡಲು ಹಡಗು ಹತ್ತುತ್ತಿತ್ತೆಂಬುದನ್ನು ವ್ಯಾಪಾರಿಗಳು ಬಲ್ಲರು. ಕಾಯಿಯ ದೋಷವಲ್ಲ ಅದು.

ಶ್ರಾವಕನ ದೃಷ್ಟಿಯಿಂದ ಇಲ್ಲಿ ಇನ್ನೊಂದು ಭೇದವನ್ನು ಮಾಡಬೇಕಾಗುತ್ತದೆ. ಮಂಜಿಷ್ಠ, ಅರಿಸಿನಗಳನ್ನು ಪಡೆಯಲು ಗಿಡವನ್ನು ಬೇರುಸಹಿತ ಕೀಳಬೇಕು. ಅಳಲೆ ಮರದಿಂದ ಬಿದ್ದ ಹಣ್ಣು. ದಾಳಿಂಬೆಯ ಸಿಪ್ಪೆ ತಿಂದು ಎಸೆದುದು. ಎರಡರ ಫಲ ಒಂದೇ ಆಗಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳುವುದು ವಿಹಿತ. ಅರಗಿನ ಕೆಂಪನ್ನಂತೂ ಲಾಕ್ಷಾವಾಣಿಜ್ಯವೆಂದು ಶಾಸ್ತ್ರ ಮೊದಲೇ ನಿಷೇಧಿಸಿದೆ. ಇಷ್ಟು ಹೇಳಿದ ಮೇಲೆ ಸಸ್ಯಲೇಪದ ಮಿತಿಯನ್ನೂ ಹೇಳಬೇಕು. ಅದು ಒಗೆದಂತೆಲ್ಲ ಕ್ಷೀಣಿಸುತ್ತದೆ, ಅರಿಸಿನ ಬಿಸಿಲಿಗೆ ಮಾಸುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ಇಂಥ ಬಟ್ಟೆಯೊಂದನ್ನೇ ನಂಬಿ ಹೋಗುವಂತಿಲ್ಲ. ಹತ್ತಿಯೂ ತಾನಾಗಿ ಸೂಕ್ಷ್ಮಾಣು ನಿರೋಧಕವಲ್ಲ. ತೇವವನ್ನು ಹೀರುವುದರಿಂದ ಅದಕ್ಕೆ ಬೂಸಲು ಬೇಗ ಹಿಡಿಯುತ್ತದೆ, ಗಂಜಿ ಹಾಕಿದ್ದರೆ ಇನ್ನೂ ಬೇಗ. ಹತ್ತಿಯನ್ನು ಕಾಯುವುದು ಮಡಿವಾಳನ ಉಬ್ಬೆಯ ಹಬೆ, ಅಂಟುವಾಳದ ನೊರೆ ಮತ್ತು ಬಿಸಿಲು.

2020ರಲ್ಲಿ ಮಹಾಮಾರಿ ಬಂದಾಗ ಜಗತ್ತು ನೆಚ್ಚಿದ್ದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು. ಅದನ್ನು ಕರಗಿಸಿ ಊದಿ, ಕೂದಲಿಗಿಂತ ಬಹಳ ತೆಳುವಾದ ಎಳೆಗಳ ಹಾಳೆ ಮಾಡಿ, ಸ್ಥಾಯೀ ವಿದ್ಯುತ್ತನ್ನು ತುಂಬುತ್ತಾರೆ. ಆ ವಿದ್ಯುತ್ತೇ ಸೂಕ್ಷ್ಮ ಕಣಗಳನ್ನು ಸೆಳೆದು ಹಿಡಿಯುತ್ತದೆ. ಕೈಮಗ್ಗದ ಬಟ್ಟೆ ಇದಕ್ಕೆ ಸಾಟಿಯಲ್ಲ, ಹಾಗೆಂದು ಹೇಳಿಕೊಳ್ಳುವುದು ರೋಗಿಗಳ ನಡುವೆ ದುಡಿಯುವವರಿಗೆ ದ್ರೋಹ. ಆ ವರ್ಷದ ಆರಂಭದಲ್ಲಿ ವೈದ್ಯರ ರಕ್ಷಣಾವಸ್ತ್ರವನ್ನು ಹೆಚ್ಚುಕಡಿಮೆ ತಯಾರಿಸದಿದ್ದ ಭಾರತ ಮೇ ತಿಂಗಳ ಹೊತ್ತಿಗೆ ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಕಿಟ್ಟುಗಳನ್ನು ತಯಾರಿಸುತ್ತಿತ್ತು. ಅವೆಲ್ಲ ಒಮ್ಮೆ ಬಳಸಿ ಸುಡಬೇಕಾದವು. ಸುಡದೆ ಎಸೆದುದು ಇಂದಿಗೂ ಎಲ್ಲೋ ಮಣ್ಣಿನಲ್ಲಿದೆ. ಆಸ್ಪತ್ರೆಯ ಹೊರಗೆ, ಬೀದಿಯ ಸಾಮಾನ್ಯ ಜನರಿಗೆ ಒಗೆದು ಮತ್ತೆ ಕಟ್ಟಬಹುದಾದ ಹತ್ತಿಯ ಮುಖವಸ್ತ್ರ ಸಾಕಾಗಿತ್ತು; ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಆ ವರ್ಷ ಎರಡು ಪದರದ ಖಾದಿಯ ಮುಖವಸ್ತ್ರವನ್ನು ಮಾರುಕಟ್ಟೆಗೆ ತಂದಿತು.

ಖಾದಿಯ ಮಾತು ಬಂದಾಗ ಕೇಶ್ವಾಪುರದವರು ದೂರ ಹೋಗಬೇಕಾಗಿಲ್ಲ. ಪಕ್ಕದ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ರಾಷ್ಟ್ರಧ್ವಜವನ್ನು ತಯಾರಿಸುವ ಕೀರ್ತಿ ಅದರದು. ಧ್ವಜದ ಬಟ್ಟೆಗೆ ಎಳೆಗಳ ಸಂಖ್ಯೆ, ತೂಕ, ಬಣ್ಣದ ಗಟ್ಟಿತನ ಎಲ್ಲಕ್ಕೂ ಅಳತೆಯುಂಟು. ನಮ್ಮ ನೀರು ಸೋಸುವ ಬಟ್ಟೆಗೆ ಮಾತ್ರ ಇಂದು ಅಂಗಡಿಯವನು ಕೊಟ್ಟದ್ದೇ ಅಳತೆ! 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟಾಗ ಬೆಂಗೇರಿಯ ಸಂಘ ವಿರೋಧಿಸಿತು. ಅದರ ಮಾತು ನೂಲುವವರ, ನೇಯುವವರ ಅನ್ನದ ಬಗೆಗಿತ್ತು. ಆದರೆ ಬಳಸಿ ಬಿಟ್ಟ ಬಟ್ಟೆ ಏನಾಗುತ್ತದೆಂಬ ಪ್ರಶ್ನೆಯೂ ಅದರೊಳಗೆ ಅಡಗಿದೆ. ಹತ್ತಿ ತೇವದ ಮಣ್ಣಿನಲ್ಲಿ ಕೆಲವು ತಿಂಗಳಲ್ಲಿ ಕರಗುತ್ತದೆ. ಪಾಲಿಯೆಸ್ಟರ್ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕಡೆಗೆ, ಟ್ರಸ್ಟುಗಳ ಪಾಲಿಗೆ ಅತ್ಯಂತ ತೊಡಕಿನ ವಿಷಯ. ‘ಮಣ್ಣಿನಲ್ಲಿ ಕರಗುವ ಸೂಕ್ಷ್ಮಾಣು ನಿರೋಧಕ’ ಎಂಬ ಹೆಸರಿನಲ್ಲಿ ಇಂದು ಬಹಳವಾಗಿ ಹೊಗಳಿಸಿಕೊಳ್ಳುವ ದ್ರವ್ಯವೆಂದರೆ ಕೈಟೋಸಾನ್. ಅದರ ಕಣಗಳಲ್ಲಿ ಧನವಿದ್ಯುತ್ತು ಇರುವುದರಿಂದ ಋಣವಿದ್ಯುತ್ತುಳ್ಳ ಸೂಕ್ಷ್ಮಾಣುವಿನ ಹೊರಪೊರೆಗೆ ಅಂಟಿ ಅದನ್ನು ಒಡೆಯುತ್ತದೆ. ಹತ್ತಿಗೂ ಲೇಪಿಸಬಹುದು, ಗಾಯದ ಪಟ್ಟಿಗೂ ಬಳಸುತ್ತಾರೆ. ಪರಿಸರಕ್ಕೆ ಹಾನಿಯಿಲ್ಲವೆಂಬ ಮಾತೂ ಬಹುಮಟ್ಟಿಗೆ ನಿಜ. ಆದರೆ ಅದರ ಮೂಲ ಸೀಗಡಿ ಮತ್ತು ಏಡಿಗಳ ಚಿಪ್ಪು. ಮೀನಿನ ಕಾರ್ಖಾನೆಯ ತ್ಯಾಜ್ಯದಿಂದ ಬಂದುದೆಂಬ ಸಮಾಧಾನ ಅಡಿಗೆ ಚರ್ಮ ಬಿಟ್ಟ ಶ್ರಾವಕನಿಗೆ ಒಪ್ಪಿಗೆಯಾಗದು. ಚರ್ಮವೂ ಕಸಾಯಿಖಾನೆಯ ತ್ಯಾಜ್ಯವೇ. ಪರಿಸರಕ್ಕೆ ಒಪ್ಪಿದುದೆಲ್ಲ ಅಹಿಂಸಕವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಮಣ್ಣಿನಲ್ಲಿ ಕರಗುವ ರೇಷ್ಮೆಯನ್ನೇ ನೋಡಿ: ಅದು ಮೈಲಿಗೆಯಾಗದೆಂಬ ನಂಬಿಕೆಯಿಂದ ಪೂಜೆಗೂ ಉಡುವವರಿದ್ದಾರೆ, ಒಂದು ಸೀರೆಯ ಹಿಂದೆ ಬೆಂದ ಸಾವಿರಾರು ಹುಳುಗಳಿದ್ದರೂ. ಚಿಟ್ಟೆ ಹಾರಿಹೋದ ಮೇಲೆ ಗೂಡಿನಿಂದ ನೂಲು ತೆಗೆಯುವ ಕ್ರಮವನ್ನು ಹೈದರಾಬಾದಿನ ಕುಸುಮಾ ರಾಜಯ್ಯ ಅವರು ರೂಢಿಗೆ ತಂದುದು ಸ್ತುತ್ಯವೇ. ಆದರೂ ಪೂಜೆಗೆ ಒಗೆದ ಹತ್ತಿಯ ಧೋತರ ಸಾಕು.

ಟ್ರಸ್ಟಿನವರು ಬಟ್ಟೆ ಕೊಳ್ಳುವಾಗ ಸರಬರಾಜುದಾರನನ್ನು ಮೂರು ಸಂಗತಿ ಕೇಳಬಹುದು: ಲೇಪದ ಹೆಸರೇನು, ಅದು ಯಾವುದರಿಂದ ಬಂದುದು, ಒಗೆದ ನೀರಿನಲ್ಲಿ ಎಷ್ಟು ಬಿಟ್ಟುಹೋಗುತ್ತದೆ. ಉತ್ತರ ಬರೆದುಕೊಡಲು ಒಪ್ಪದವನ ಮಾಲು ಬೇಡ. ಅಡುಗೆಮನೆಗೆ, ಪೂಜೆಗೆ, ಅತಿಥಿಗೃಹಕ್ಕೆ ಲೇಪವಿಲ್ಲದ ಹತ್ತಿ ಸಾಕು. ಎರಡು ಜೊತೆ ಹೆಚ್ಚಿಟ್ಟುಕೊಂಡರೆ ಒಂದು ಚೆನ್ನಾಗಿ ಒಣಗುವವರೆಗೆ ಇನ್ನೊಂದು ಬಳಕೆಗೆ ಬರುತ್ತದೆ. ಟ್ರಸ್ಟಿನ ಔಷಧಾಲಯದ ಸಿಬ್ಬಂದಿಗೆ ವೈದ್ಯರು ಹೇಳಿದ ರಕ್ಷಣಾವಸ್ತ್ರವನ್ನೇ ಕೊಡತಕ್ಕದ್ದು, ಅಲ್ಲಿ ಉಳಿತಾಯವೂ ಬೇಡ, ಸಂಕೋಚವೂ ಬೇಡ. ಚಿಪ್ಪಿನ ಬದಲು ಅಣಬೆ ಮತ್ತು ಬೂಸಲಿನಿಂದ ಕೈಟೋಸಾನ್ ತೆಗೆಯುವ ವಿಧಾನ ಈಗ ಬಳಕೆಗೆ ಬಂದಿದೆ. ಅದರಲ್ಲಿ ತ್ರಸಹಿಂಸೆಯ ಆಕ್ಷೇಪ ತಪ್ಪುತ್ತದೆ. ಆದರೆ ಅಣಬೆಯನ್ನು ಅನಂತಕಾಯವೆಂದು ವರ್ಜಿಸುವ ಪರಂಪರೆಯಲ್ಲಿ, ತಿನ್ನದೆ ಉಡುವ ಬಟ್ಟೆಗೆ ಅದೇ ನಿಯಮ ಅನ್ವಯಿಸುತ್ತದೆಯೇ ಎಂಬುದು ಪೂಜ್ಯ ಮುನಿಗಳೂ ಶಾಸ್ತ್ರಜ್ಞರೂ ಹೇಳಬೇಕಾದ ಮಾತು. ಮುಂದಿನ ಚಾತುರ್ಮಾಸದಲ್ಲಿ ಯಾವುದಾದರೊಂದು ಟ್ರಸ್ಟು ಈ ಪ್ರಶ್ನೆಯನ್ನು ಅವರ ಮುಂದಿಡಲಿ.